ಆಹಾರದ ಕಾರ್ಖಾನೆಗೆ ತಕ್ಕ ದೀಪಗಳು

ಆಹಾರ ಪದಾರ್ಥಗಳನ್ನು ತಯಾರಿಸುವ ಸ್ಥಳದಲ್ಲಿ ನೀರು, ಪಾತ್ರೆ, ಯಂತ್ರ ಮತ್ತು ಕೆಲಸಗಾರರ ಕೈಗಳ ಶುಚಿತ್ವವನ್ನು ಕುರಿತು ಎಲ್ಲರೂ ಎಚ್ಚರ ವಹಿಸುವರು. ತಲೆಯ ಮೇಲೆ ತೂಗುವ ದೀಪವನ್ನು ಕುರಿತು ಆಲೋಚಿಸುವವರು ವಿರಳ. ಆದರೆ ದೀಪದಿಂದ ಆಹಾರಕ್ಕೆ ಎರಡು ಬಗೆಯ ಕೇಡು ಸಂಭವಿಸಬಹುದು. ಬೆಳಕು ಸಾಲದಿದ್ದರೆ ಕಲ್ಲು, ಕೂದಲು, ಬೂಷ್ಟು ಮೊದಲಾದುವು ಕಣ್ಣಿಗೆ ಬೀಳದೆ ಸರಕಿನಲ್ಲಿಯೇ ಉಳಿಯುವುವು. ದೀಪವೇ ಒಡೆದರೆ ಗಾಜಿನ ಚೂರುಗಳು ಸರಕಿಗೆ ಸೇರುವುವು. ಆದಕಾರಣ ದೀಪವನ್ನು ಕಟ್ಟಡದ ಸಾಮಾನೆಂದು ಎಣಿಸದೆ, ಆಹಾರ ತಯಾರಿಕೆಯ ಉಪಕರಣಗಳಲ್ಲಿ ಒಂದೆಂದು ತಿಳಿದು ಆರಿಸತಕ್ಕದ್ದು.

ಮೈಸೂರು ಸೀಮೆಗೆ ವಿದ್ಯುಚ್ಛಕ್ತಿಯು ಹೊಸದಲ್ಲ. ಶಿವನಸಮುದ್ರದ ವಿದ್ಯುದಾಗಾರವು 1902 ರಲ್ಲಿಯೇ ಕೆಲಸವನ್ನಾರಂಭಿಸಿತು. ಆಹಾರದ ಶಾಸ್ತ್ರಕ್ಕೂ ಮೈಸೂರು ನಗರವು ಹೆಸರುವಾಸಿಯಾಗಿದೆ. ಇಲ್ಲಿಯ ಚೆಲುವಾಂಬ ವಿಲಾಸದಲ್ಲಿ 1950 ರ ಅಕ್ಟೋಬರಿನಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವೂ, 1961 ರಲ್ಲಿ ನಗರದಲ್ಲಿಯೇ ರಕ್ಷಣಾ ಆಹಾರ ಸಂಶೋಧನಾಲಯವೂ ಸ್ಥಾಪಿತವಾದುವು. ಆದರೂ ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ, ರಾಗಿ ಹಿಟ್ಟು ಇವುಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವವರು ವಾಸದ ಮನೆಗೆಂದು ಹಾಕಿದ ದೀಪದ ಕೆಳಗೇ ಕೆಲಸ ಮಾಡುವುದುಂಟು. ಈ ಲೇಖನವು ಮುಖ್ಯವಾಗಿ ಅಂಥವರಿಗೆ ಉಪಯುಕ್ತವಾಗಬೇಕೆಂದು ಉದ್ದೇಶಿಸಲ್ಪಟ್ಟಿದೆ.

ಕಾಯಿದೆಯೂ ಈ ವಿಷಯವನ್ನು ಬಿಟ್ಟಿಲ್ಲ. 2006 ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ 2011 ರಲ್ಲಿ ಹೊರಟ ಲೈಸೆನ್ಸು ನಿಬಂಧನೆಗಳ 4 ನೆಯ ಅನುಸೂಚಿಯಲ್ಲಿ, ಕೆಲಸಕ್ಕೆ ಸಾಕಾಗುವಷ್ಟು ಬೆಳಕಿರಬೇಕೆಂದೂ, ದೀಪವು ಒಡೆದರೂ ಆಹಾರವು ಕೆಡದಂತೆ ಅದಕ್ಕೆ ರಕ್ಷಣೆಯಿರಬೇಕೆಂದೂ ವಿಧಿಸಲಾಗಿದೆ.

ಬೆಳಕಿನ ಪ್ರಮಾಣ

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಒಂದು ಚದರ ಮೀಟರು ಸ್ಥಳದ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಸರಕನ್ನು ಆರಿಸಿ ಪರೀಕ್ಷಿಸುವ ಮೇಜಿನ ಮೇಲೆ 540, ಸಾಮಾನ್ಯ ಕೆಲಸದ ಕೋಣೆಯಲ್ಲಿ 220, ಇತರ ಸ್ಥಳಗಳಲ್ಲಿ 110 ಲಕ್ಸ್ ಇರಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ.

ಒಂದು ಉದಾಹರಣೆಯನ್ನು ನೋಡಬಹುದು. ಕಡಲೆಕಾಯಿ ಬೀಜವನ್ನು ಆರಿಸುವ ಮೇಜು 2 ಮೀಟರು ಉದ್ದ, 1 ಮೀಟರು ಅಗಲವಿದ್ದರೆ ಅದರ ಮೇಲೆ 1,080 ಲ್ಯೂಮೆನ್ ಬೆಳಕು ಬೀಳಬೇಕು. ದೀಪದಿಂದ ಹೊರಟ ಬೆಳಕಿನಲ್ಲಿ ಸುಮಾರು ಅರ್ಧಭಾಗವು ಮಾತ್ರ ಮೇಜನ್ನು ತಲುಪುವುದೆಂದು ಎಣಿಸಿದರೆ, 2,200 ಲ್ಯೂಮೆನ್ ಕೊಡುವ ದೀಪ ಬೇಕಾಗುವುದು. ಸಾಮಾನ್ಯ ಎಲ್‌ಇಡಿ ದೀಪಗಳಲ್ಲಿ ಇದು ಸುಮಾರು 22 ವಾಟಿನ ದೀಪ. ಇದೇ ದೀಪವನ್ನು ಎತ್ತರದ ಛಾವಣಿಗೆ ತೂಗುಹಾಕಿದರೆ ಬೆಳಕು ಹರಡಿ ತೆಳುವಾಗುವುದು. ಕೆಲಸಗಾರರ ಬೆನ್ನ ಹಿಂದೆ ಹಾಕಿದರೆ ಅವರ ನೆರಳೇ ಸರಕಿನ ಮೇಲೆ ಬೀಳುವುದು. ದೀಪವು ಮೇಜಿನ ಉದ್ದಕ್ಕೆ ಸಮನಾಗಿ, ಕಣ್ಣಿಗೆ ಕುಕ್ಕದಂತಿರಬೇಕು.

ಬಣ್ಣದ ಸತ್ಯತೆ

ಬೆಳಕು ಹೆಚ್ಚಿದ್ದರೆ ಮಾತ್ರ ಸಾಲದು. ಅದು ವಸ್ತುವಿನ ನಿಜವಾದ ಬಣ್ಣವನ್ನು ತೋರಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ಣವಾಗಿ ನಾಶವಾಗದು. ಬಣ್ಣಗೆಟ್ಟ, ಸುಕ್ಕಿದ ಬೀಜಗಳನ್ನು ಆರಿಸಿ ತೆಗೆಯುವುದರಿಂದ ಅಪಾಯವು ಬಹಳ ಮಟ್ಟಿಗೆ ತಗ್ಗುವುದು. ಹಳದಿ ಮಬ್ಬಿನಲ್ಲಿ ಒಳ್ಳೆಯ ಬೀಜಕ್ಕೂ ಕೆಟ್ಟ ಬೀಜಕ್ಕೂ ಭೇದ ತಿಳಿಯದು. ಬಣ್ಣವನ್ನು ಯಥಾರ್ಥವಾಗಿ ತೋರಿಸುವ ಗುಣಕ್ಕೆ 100 ಕ್ಕೆ ಇಷ್ಟೆಂದು ಅಂಕವನ್ನು ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಹೆಸರಿನಿಂದ ನಮೂದಿಸುವುದುಂಟು. ಕೆಲಸದ ಕೋಣೆಗೆ 80, ಆರಿಸುವ ಮೇಜಿಗೆ 90 ಅಥವಾ ಹೆಚ್ಚು ಇರುವುದು ಉತ್ತಮ.

ಒಡೆಯುವ ಭಯ ಮತ್ತು ಕವಚ

ಗಾಜಿನ ಚೂರು ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ನುಣ್ಣಗಾದುದು ಜರಡಿಯಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಪಾಕದಲ್ಲಿ ಬಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಉಣ್ಣುವವನ ಬಾಯಿಯಲ್ಲಿಯೇ ಅದು ಪತ್ತೆಯಾಗುವುದು. ಹಳೆಯ ಪ್ರತಿದೀಪ್ತಿ ಕೊಳವೆಗಳಲ್ಲಿ ಗಾಜಿನ ಜೊತೆಗೆ ಸ್ವಲ್ಪ ಪಾದರಸವೂ ಇರುವುದು. ಆದ್ದರಿಂದ ತೆರೆದ ಆಹಾರದ ಮೇಲೆ ಬರಿಯ ಗಾಜಿನ ದೀಪವನ್ನು ಎಂದಿಗೂ ಹಾಕಕೂಡದು. ಎಲ್‌ಇಡಿ ಕೊಳವೆಗಳಲ್ಲಿಯೂ ಕೆಲವು ಗಾಜಿನವೇ ಆಗಿರುವುದರಿಂದ ಕೊಳ್ಳುವಾಗ ವಿಚಾರಿಸತಕ್ಕದ್ದು.

ಪಾಲಿಕಾರ್ಬೊನೇಟ್ ಕವಚವು ಪೆಟ್ಟಿಗೆ ಸುಲಭವಾಗಿ ಒಡೆಯದು. ಆದರೆ ತೀಕ್ಷ್ಣವಾದ ಕ್ಷಾರದ್ರವ ತಗಲಿದರೆ ಅದು ಬಿರಿಯುವುದು. ತೊಳೆಯುವ ಮದ್ದು ಯಾವುದೆಂಬುದನ್ನು ನೋಡಿಕೊಂಡು ಕವಚವನ್ನು ಆರಿಸಬೇಕು. ದೀಪದ ಮೇಲ್ಭಾಗವು ನುಣುಪಾಗಿಯೂ ಇಳಿಜಾರಾಗಿಯೂ ಇದ್ದರೆ ಧೂಳು ಕೂರುವುದಿಲ್ಲ.

ನೀರು, ಧೂಳು, ಯಂತ್ರ

ದೀಪದ ಮೇಲೆ ಐಪಿ ಎಂಬ ಗುರುತಿನ ಮುಂದೆ ಎರಡು ಅಂಕಿಗಳಿರುವುವು. ಮೊದಲನೆಯದು ಧೂಳನ್ನೂ ಎರಡನೆಯದು ನೀರನ್ನೂ ತಡೆಯುವ ಶಕ್ತಿಯನ್ನು ತಿಳಿಸುವುದು. ಐಪಿ 65 ಎಂದರೆ ಧೂಳು ಒಳಸೇರದು, ಕೊಳಾಯಿಯ ನೀರನ್ನು ಚಿಮ್ಮಿಸಿದರೂ ಕೆಡದು. ಸಣ್ಣ ಕಾರ್ಖಾನೆಗೆ ಇದು ಸಾಧಾರಣವಾಗಿ ಸಾಕು. ಹಿಟ್ಟಿನ ಗಿರಣಿಯಲ್ಲಿ ಧೂಳು ಒಳಸೇರದ ದೀಪವು ಪ್ರಾಣರಕ್ಷಣೆಗೂ ಅವಶ್ಯಕ. ಏಕೆಂದರೆ ಗಾಳಿಯಲ್ಲಿ ದಟ್ಟವಾಗಿ ಹರಡಿದ ಹಿಟ್ಟಿಗೆ ಕಿಡಿ ತಗಲಿದರೆ ಸ್ಫೋಟವಾಗಬಹುದು. ಮಿಣುಕುವ ದೀಪದ ಕೆಳಗೆ ತಿರುಗುವ ಚಕ್ರವು ನಿಂತಂತೆ ತೋರಿ ಕೈಗೆ ಅಪಾಯ ಮಾಡುವುದುಂಟು. ಯಂತ್ರದ ಬಳಿ ಮಿಣುಕದ ದೀಪವನ್ನೇ ಹಾಕತಕ್ಕದ್ದು.

ದಾಸ್ತಾನು ಕೋಣೆಗೆ ಮಾತ್ರ ಹೆಚ್ಚು ಬೆಳಕು ಹಿತವಲ್ಲ. ಅರಿಸಿನ ಮತ್ತು ಮೆಣಸಿನಕಾಯಿ ಪುಡಿಗಳ ಬಣ್ಣವು ಬೆಳಕಿಗೆ ಮಾಸುವುದು. ಎಣ್ಣೆಯು ಬೇಗ ಕಮಟುವುದು.

ಕೀಟಗಳು

ಅನೇಕ ಕೀಟಗಳು ನೀಲಿ ಮತ್ತು ನೇರಿಳಾತೀತ ಕಿರಣಗಳಿಗೆ ಮುತ್ತುವುವು. ಆದಕಾರಣ ಹೊರಬಾಗಿಲ ನೆತ್ತಿಯ ಮೇಲೆ ಬಿಳಿಯ ದೀಪವನ್ನು ಉರಿಸದೆ, ಬಾಗಿಲಿಗೆ ದೂರದಲ್ಲಿ ಹಳದಿ ದೀಪವನ್ನಿಟ್ಟು ಅಲ್ಲಿಂದ ಬೆಳಕು ಬೀಳುವಂತೆ ಮಾಡುವುದು ಲೇಸು. ಕೀಟಗಳನ್ನು ಹಿಡಿಯುವ ನೀಲಿ ದೀಪವನ್ನು ಆಹಾರದ ಮೇಲ್ಗಡೆಯಾಗಲಿ, ಹೊರಗಿನಿಂದ ಕಾಣುವಂತಾಗಲಿ ಇಡಬಾರದು.

ದೀಪವು ಒಡೆದಾಗ

ಎಷ್ಟು ಎಚ್ಚರವಿದ್ದರೂ ದೀಪವು ಒಂದೊಮ್ಮೆ ಒಡೆಯಬಹುದು. ಆಗ ಯಂತ್ರವನ್ನು ನಿಲ್ಲಿಸಿ, ಯಾರೂ ಅತ್ತಿತ್ತ ತುಳಿದಾಡದಂತೆ ತಡೆಯಬೇಕು. ಪಾದರಸದ ಕೊಳವೆಯಾದರೆ ಕಿಟಕಿಗಳನ್ನು ತೆರೆದಿಟ್ಟು, ಪೊರಕೆಯನ್ನು ಬಳಸದೆ ದಪ್ಪ ಕಾಗದದಿಂದಲೂ ಒದ್ದೆ ಬಟ್ಟೆಯಿಂದಲೂ ಚೂರುಗಳನ್ನು ತೆಗೆದು ಮುಚ್ಚಿದ ಡಬ್ಬಿಯಲ್ಲಿಡಬೇಕು. ಸುತ್ತಲಿನ ತೆರೆದ ಆಹಾರವನ್ನು ಸಂಶಯವಿದ್ದರೂ ಸಾಕು, ಬಿಸಾಡತಕ್ಕದ್ದು. ಜರಡಿ ಹಿಡಿದು ಉಳಿಸಿಕೊಳ್ಳುವ ಆಸೆ ಕೂಡದು. ಯಂತ್ರದ ಸಂದುಗಳನ್ನೂ ಕೆಲಸಗಾರರ ಬಟ್ಟೆ, ಪಾದರಕ್ಷೆಗಳನ್ನೂ ನೋಡಿದ ಮೇಲೆಯೇ ಕೆಲಸವನ್ನು ಮುಂದುವರಿಸಿ, ನಡೆದುದನ್ನು ಪುಸ್ತಕದಲ್ಲಿ ಬರೆದಿಡಬೇಕು.

ಹೀಗೆ ಒಂದು ದಿನದ ಸರಕನ್ನು ಬಿಸಾಡುವುದು ಸಣ್ಣ ಬಂಡವಾಳದವರಿಗೆ ದೊಡ್ಡ ನಷ್ಟ. ಕವಚಕ್ಕೆ ತಗಲುವ ಹಣವು ಆ ನಷ್ಟದ ಮುಂದೆ ಅಲ್ಪವಾದುದು. ಹೊಸ ಯಂತ್ರವನ್ನು ಕೊಳ್ಳುವ ಮೊದಲು, ಈಗಿರುವ ಮೇಜಿನ ಮೇಲೆ ಯಾವ ದೀಪ ತೂಗುತ್ತಿದೆಯೆಂದು ಒಮ್ಮೆ ತಲೆಯೆತ್ತಿ ನೋಡುವುದು ಪ್ರತಿಯೊಬ್ಬ ತಯಾರಕನ ಕರ್ತವ್ಯವಾಗಿದೆ.