ಕಚೇರಿ ಬಿಡದೆ ಆಡಳಿತ ಓದಿದ್ದು: ಏಳು ಪಾಠಗಳು

ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದುಕೊಂಡೇ ನಾನು ಇಗ್ನೊ ದೂರಶಿಕ್ಷಣದಲ್ಲಿ ಸಾರ್ವಜನಿಕ ಆಡಳಿತದ ಎಂ.ಎ. ಮುಗಿಸಿದೆ. "ದಿನಾ ಮಾಡೋದು ಅದೇ ಅಲ್ವಾ ಮೇಡಂ, ರಾತ್ರಿ ಕೂತು ಮತ್ತೆ ಅದನ್ನೇ ಓದೋದ್ಯಾಕೆ?" ಎಂದು ಸಹೋದ್ಯೋಗಿಗಳು ಕೇಳುತ್ತಲೇ ಇರುತ್ತಾರೆ. ಸೇರಲೋ ಬೇಡವೋ ಎಂದು ಯೋಚಿಸುತ್ತಿರುವ ಪಿಡಿಒ, ಕಾರ್ಯದರ್ಶಿ, ಎಫ್‌ಡಿಎಗಳಿಗಾಗಿ ಈ ಉತ್ತರ.

1. ಬಡ್ತಿಯ ಆಸೆಗೆ ಸೇರಬೇಡಿ

ನಮ್ಮಲ್ಲಿ ಬಡ್ತಿಯನ್ನು ನಿರ್ಧರಿಸುವುದು ಜ್ಯೇಷ್ಠತಾ ಪಟ್ಟಿ ಮತ್ತು ಇಲಾಖಾ ಪರೀಕ್ಷೆ. ಎಂ.ಎ. ಪ್ರಮಾಣಪತ್ರ ತೋರಿಸಿದವರನ್ನು ಪಟ್ಟಿಯಲ್ಲಿ ಯಾರೂ ಮೇಲಕ್ಕೆ ಹತ್ತಿಸುವುದಿಲ್ಲ. ಯುಪಿಎಸ್‌ಸಿಗೆ ಇದನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ನೇರ ಲಾಭ ಉಂಟು. ಉಳಿದ ನಮಗೆ ಸಿಗುವುದು ಒಂದು ಅಭ್ಯಾಸ: ಸುತ್ತೋಲೆ ಕೈಗೆ ಬಂದಾಗ ಏನು ಮಾಡಬೇಕು ಎಂಬಲ್ಲಿಗೇ ನಿಲ್ಲದೆ, ಇದು ಯಾವ ತೊಂದರೆಗೆ ಹುಟ್ಟಿತು, ನಮ್ಮ ಕೌಂಟರಿಗೆ ಬರುವಷ್ಟರಲ್ಲಿ ಏನಾಗಿಬಿಡುತ್ತದೆ ಎಂದು ಕೇಳಿಕೊಳ್ಳುವುದು.

2. ಮೊದಲು ಅನುಮತಿ, ಆಮೇಲೆ ಪ್ರವೇಶ

ಸೇವೆಯಲ್ಲಿರುವವರು ಸಕ್ಷಮ ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆದೇ ಶುಲ್ಕ ಕಟ್ಟಬೇಕು. ಪಾಸಾದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಬೇಕು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮರೆಯಬೇಡಿ ಅಷ್ಟೆ.

3. ಮಾರ್ಚ್ ತಿಂಗಳು ನಿಮ್ಮದಲ್ಲ

ಇಗ್ನೊ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಅಂಕದಲ್ಲಿ ಶೇ 70 ಪರೀಕ್ಷೆಗೆ, ಶೇ 30 ಅಸೈನ್‌ಮೆಂಟಿಗೆ. ಜೂನ್ ಪರೀಕ್ಷೆಯ ಅಸೈನ್‌ಮೆಂಟ್ ಗಡುವು ಸರಿಯಾಗಿ ಆರ್ಥಿಕ ವರ್ಷದ ಕೊನೆಯ ಆಸುಪಾಸಿಗೆ ಬಂದು ಬೀಳುತ್ತದೆ. ಆಗ ಬಿಲ್ಲು, ಕಂದಾಯ ವಸೂಲಿ, ಅನುದಾನ ವಾಪಸು ಹೋಗದಂತೆ ನೋಡಿಕೊಳ್ಳುವ ಓಟ, ಜೊತೆಗೆ ಬತ್ತಿದ ಬೋರ್‌ವೆಲ್ಲು. ಅಸೈನ್‌ಮೆಂಟನ್ನು ಸಂಕ್ರಾಂತಿಯೊಳಗೆ ಬರೆದಿಟ್ಟುಬಿಡಿ. ಕಷ್ಟದ ಪತ್ರಿಕೆಗಳನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

4. ಸಿದ್ಧಾಂತವನ್ನು ಬಾಯಿಪಾಠ ಮಾಡಬೇಡಿ, ಜಗಳಕ್ಕೆ ಬಿಡಿ

ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂದು ಫ್ರಾನ್ಸಿನ ಆಂರಿ ಫಯೋಲ್ 1916ರಲ್ಲೇ ಬರೆದ. ಪಿಡಿಒಗೆ ಅದನ್ನು ಓದುವಾಗ ನಗು ಬರುತ್ತದೆ. ಇತ್ತ ಅಧ್ಯಕ್ಷರು, ಅತ್ತ ತಾಲ್ಲೂಕು ಪಂಚಾಯಿತಿಯ ಇಒ, ಮೇಲೆ ಜಿಲ್ಲಾ ಪಂಚಾಯಿತಿ ಸಿಇಒ, ನಡುನಡುವೆ ಶಾಸಕರ ಕಡೆಯ ಫೋನು. ಆದರೆ ಅದೇ ಪಠ್ಯದಲ್ಲಿ ಮುಂದೆ ಹರ್ಬರ್ಟ್ ಸೈಮನ್ ಬರುತ್ತಾನೆ. ಇಂಥ ಆಡಳಿತ ಸೂತ್ರಗಳೆಲ್ಲ ಗಾದೆಗಳಂತೆ, ಪ್ರತಿಯೊಂದಕ್ಕೂ ಎದುರಾದದ್ದು ಇನ್ನೊಂದು ಸಿಗುತ್ತದೆ ಎಂದು 1946ರಲ್ಲಿ ವಾದಿಸಿದವನು ಅವನು. "ನಿಧಾನವೇ ಪ್ರಧಾನ" ಎನ್ನುವ ನಾವೇ "ಗಾಳಿ ಬಂದಾಗ ತೂರಿಕೋ" ಎನ್ನುವುದಿಲ್ಲವೇ? ಚುನಾಯಿತರಿಗೂ ಇಲಾಖೆಗೂ ಒಟ್ಟಿಗೆ ಉತ್ತರ ಹೇಳಬೇಕಾದ ನಮ್ಮ ಕಷ್ಟ ವ್ಯವಸ್ಥೆ ಕೆಟ್ಟಿದ್ದರಿಂದ ಬಂದದ್ದಲ್ಲ, ವಿಕೇಂದ್ರೀಕರಣ ಬೇಕೆಂದ ಮೇಲೆ ತೆರಲೇಬೇಕಾದ ಬೆಲೆ ಎಂದು ನನಗೆ ಹೊಳೆದದ್ದು ಇವರಿಬ್ಬರನ್ನು ಎದುರುಬದುರು ಇಟ್ಟು ಓದಿದಾಗ.

5. ನೀತಿ ಹುಟ್ಟುವುದು ಕೌಂಟರಿನಲ್ಲಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಓದು ಮೈಕೆಲ್ ಲಿಪ್ಸ್ಕಿಯದು. ಜನರನ್ನು ನೇರವಾಗಿ ಎದುರಿಸುವ ಕೆಳಹಂತದ ನೌಕರರು ಏನು ಮಾಡುತ್ತಾರೋ ಅದೇ ನಿಜವಾದ ಸರ್ಕಾರಿ ನೀತಿ ಎಂಬುದು 1980ರ ಅವನ ಪುಸ್ತಕದ ತಿರುಳು. ಕೆಲಸ ಹೆಚ್ಚು, ಕೈ ಕಡಿಮೆ. ಹಾಗಾಗಿ ಯಾರನ್ನು ಕೂರಿಸಬೇಕು, ಯಾರಿಗೆ "ನಾಳೆ ಬಾ" ಎನ್ನಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ನಮ್ಮ ಸಕಾಲವನ್ನೇ ನೋಡಿ. 2011ರ ಕಾಯ್ದೆ, 2012ರ ಏಪ್ರಿಲಿನಲ್ಲಿ ಜಾರಿ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ. ಆದರೆ ದಿನ ಎಣಿಕೆ ಶುರುವಾಗುವುದು ಸ್ವೀಕೃತಿ ಸಂಖ್ಯೆ ಕೊಟ್ಟ ಮೇಲೆ. "ಅರ್ಜಿ ಇಲ್ಲಿಟ್ಟು ಹೋಗಿ, ನೋಡೋಣ" ಎಂದು ಮೇಜಿನ ಮೇಲೆ ಇಟ್ಟುಕೊಂಡರೆ ಗಡುವೂ ಇಲ್ಲ, ವಿಳಂಬವೂ ಇಲ್ಲ, ವರದಿಯಲ್ಲಿ ಮಾತ್ರ ನೂರಕ್ಕೆ ನೂರು. ಲಿಪ್ಸ್ಕಿಯನ್ನು ಓದಿದ ಮೇಲೆ ನಾನು ಬಾಕಿ ಅರ್ಜಿಗಳ ಪಟ್ಟಿಗಿಂತ ಮೊದಲು ಡೇಟಾ ಎಂಟ್ರಿ ಆಪರೇಟರ್ ಮೇಜು ನೋಡತೊಡಗಿದೆ. ಸಂಖ್ಯೆ ಬೀಳದ ಒಂದು ಕಾಗದವೂ ಅಲ್ಲಿ ಸಂಜೆಗೆ ಉಳಿಯಬಾರದು. ಜೊತೆಗೆ ಬಿಲ್ ಕಲೆಕ್ಟರನ್ನೂ ನೀರುಗಂಟಿಯನ್ನೂ ತಿಂಗಳಿಗೊಮ್ಮೆ ಕೂರಿಸಿಕೊಂಡು ಮಾತಾಡಬೇಕು. ಯಾವ ನಿಯಮ ಯಾಕೆ ನಡೆಯುತ್ತಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

6. ಉದಾಹರಣೆ ನಮ್ಮ ನೆಲದ್ದಿರಲಿ

ಗೈಡು ನೋಡಿ ಬರೆದ ಉತ್ತರಗಳೆಲ್ಲ ಒಂದೇ ಥರ ಇರುತ್ತವೆ. ನಮಗೆ ಆ ದಾರಿದ್ರ್ಯವೇನು? 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮುಂಚೆಯೇ, ಅಬ್ದುಲ್ ನಜೀರ್‌ಸಾಬ್ ಮುಂದಾಳತ್ವದ 1983ರ ಕಾಯ್ದೆಯಡಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆದಿತ್ತು. ಮಹಿಳೆಯರಿಗೆ ಶೇ 25 ಮೀಸಲಾತಿಯೂ ಇತ್ತು. ಮೊದಲ ಆಡಳಿತ ಸುಧಾರಣಾ ಆಯೋಗವನ್ನು ಮೊರಾರ್ಜಿ ದೇಸಾಯಿ ನಂತರ ನಡೆಸಿದವರು ಕೆ. ಹನುಮಂತಯ್ಯ, ಎರಡನೆಯದಕ್ಕೆ ಅಧ್ಯಕ್ಷರಾಗಿದ್ದವರು ವೀರಪ್ಪ ಮೊಯಿಲಿ. ಇ-ಆಡಳಿತ ಎಂದರೆ ಪಹಣಿಯ ಭೂಮಿ ಯೋಜನೆ ಇದ್ದೇ ಇದೆ. ಪ್ರಾಜೆಕ್ಟ್ ಆಯ್ದುಕೊಳ್ಳುವುದಾದರೆ ನಿಮ್ಮ ಪಂಚಾಯಿತಿಯ ಗ್ರಾಮಸಭೆಗಳ ನಡಾವಳಿ ಪುಸ್ತಕವನ್ನೇ ಹಿಡಿಯಿರಿ. ಅಲ್ಲಿ ಪಾಸಾದ ಬೇಡಿಕೆಗಳಲ್ಲಿ ಎಷ್ಟು ಕ್ರಿಯಾಯೋಜನೆಗೆ ಸೇರಿದವು ಎಂಬ ಪ್ರಶ್ನೆಯೊಂದೇ ಪ್ರಬಂಧಕ್ಕೆ ಸಾಕು.

7. ಓದಿದ್ದು ಟಿಪ್ಪಣಿಯಲ್ಲಿ ಕಾಣಲಿ

ಸಭೆಯಲ್ಲಿ ವೆಬರ್, ಸೈಮನ್ ಎಂದು ಹೆಸರು ಉದುರಿಸಿದರೆ ಅಧ್ಯಕ್ಷರೂ ಕೇಳುವುದಿಲ್ಲ, ಇಒ ಕೂಡ ಕೇಳುವುದಿಲ್ಲ. ಆದರೆ ಯಾರಿಗೂ ಪೂರ್ತಿ ಮಾಹಿತಿ ಇರುವುದಿಲ್ಲ, ಇದ್ದುದರಲ್ಲಿ ಸಾಕೆನಿಸುವುದನ್ನು ಆರಿಸುತ್ತೇವೆ ಎಂಬ ಸೈಮನ್ ಮಾತು ಕಡತ ಬರೆಯುವ ರೀತಿಯನ್ನೇ ಬದಲಿಸಬಲ್ಲದು. "ಆದೇಶಕ್ಕಾಗಿ ಮಂಡಿಸಿದೆ" ಎಂದು ಒಂದು ಸಾಲು ಗೀಚುವ ಬದಲು ಮೂರು ವಿಷಯ ಬರೆಯಿರಿ: ಆ ದಿನ ನಮಗೆ ಗೊತ್ತಿದ್ದದ್ದೇನು, ಬೇರೆ ಯಾವ ದಾರಿಗಳಿದ್ದವು, ಇದನ್ನೇ ಯಾಕೆ ಹಿಡಿದೆವು. ಬೇಸಿಗೆಯಲ್ಲಿ ತುರ್ತಾಗಿ ಟ್ಯಾಂಕರ್ ನೀರು ಕೊಟ್ಟದ್ದಕ್ಕೆ ವರ್ಷಗಳ ನಂತರ ಆಡಿಟ್ ಆಕ್ಷೇಪಣೆ ಬಂದಾಗ, ನೀವು ವರ್ಗವಾಗಿ ಹೋಗಿದ್ದರೂ ಆ ಟಿಪ್ಪಣಿ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ. ಪದವಿಯಿಂದ ಸಂಬಳ ಹೆಚ್ಚದಿದ್ದರೂ, ಈ ಒಂದು ಅಭ್ಯಾಸಕ್ಕೇ ಕಟ್ಟಿದ ಶುಲ್ಕ ವಸೂಲಾಯಿತು ಎಂದುಕೊಳ್ಳಬಹುದು.