ಕನಕಾಂಬರ ಯಾಕೆ ಒಣಗಿತು?

ನಾದಿನಿ ತವರಿಗೆ ಬಂದಿದ್ದಳು. ಹಿತ್ತಲಿಗೆ ಹೋಗಿ ನೋಡಿದಳು. ಹಿತ್ತಲ ತುಂಬ ಕನಕಾಂಬರ. ಅವಳ ಮುಖ ಸಪ್ಪಗಾಯಿತು.

“ಅತ್ತಿಗೆ, ನಾನೂ ಹೋದ ವರ್ಷ ಹಾಕಿದ್ದೆ. ಸಂಘದಲ್ಲಿ ಸಾಲ ತಗೊಂಡಿದ್ದೆ. ಮೂರು ತಿಂಗಳು ಹೂ ಬಿಡ್ತು. ಆಮೇಲೆ ಎಲೆ ಹಳದಿ ಆಯ್ತು. ಗಿಡ ಒಂದೊಂದಾಗಿ ಒಣಗಿಹೋಯ್ತು. ಯಾರದೋ ಕಣ್ಣು ಬಿತ್ತು ಅಂತಾರೆ.”

“ಗಿಡ ಕಿತ್ತು ಬೇರು ನೋಡಿದ್ಯಾ?”

“ಒಲೆಗೆ ಹಾಕುವಾಗ ನೋಡಿದೆ. ಬೇರೆಲ್ಲ ಗಂಟು ಗಂಟು.”

“ಮುಂಚೆ ಅಲ್ಲಿ ಏನು ಬೆಳೆದಿದ್ರಿ?”

“ಬದನೆ, ಟೊಮೆಟೊ.”

“ಹಾಗಾದ್ರೆ ಕಣ್ಣು ಬಿದ್ದಿಲ್ಲ ಕಣಮ್ಮ. ಹುಳ ಬಿದ್ದಿದೆ.”

ಅತ್ತಿಗೆ ಹೇಳಿದ್ದು ನಿಜ. ಮಣ್ಣಿನಲ್ಲಿ ಒಂದು ಬಗೆಯ ಜಂತು ಇರುತ್ತದೆ. ದಾರಕ್ಕಿಂತ ಸಣ್ಣದು. ಕಣ್ಣಿಗೆ ಕಾಣುವುದಿಲ್ಲ. ಅದು ಬೇರಿನ ಒಳಗೆ ಸೇರುತ್ತದೆ. ಬೇರು ಗಂಟು ಕಟ್ಟುತ್ತದೆ. ಗಿಡಕ್ಕೆ ನೀರು, ಗೊಬ್ಬರ ಸರಿಯಾಗಿ ಏರುವುದಿಲ್ಲ. ಬದನೆ, ಟೊಮೆಟೊ, ಬೆಂಡೆ ಬೇರಿನಲ್ಲೂ ಈ ಜಂತು ಬೆಳೆಯುತ್ತದೆ. ಆ ಬೆಳೆ ತೆಗೆದ ಜಾಗಕ್ಕೇ ಕನಕಾಂಬರ ನೆಟ್ಟರೆ ಜಂತುವಿಗೆ ಊಟ ಬಡಿಸಿದ ಹಾಗೆ.

ಅಂಥ ಜಾಗದಲ್ಲಿ ಮೊದಲು ಚೆಂಡು ಹೂ ಬೆಳೆಯಬೇಕು. ಚೆಂಡು ಹೂವಿನ ಬೇರಿಗೆ ಈ ಜಂತುವನ್ನು ತಗ್ಗಿಸುವ ಗುಣ ಇದೆ. ಆ ಹೂವನ್ನೂ ಮಾರಬಹುದು. ಆಮೇಲೆ ಕನಕಾಂಬರ ನೆಡುವಾಗ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಬೇಕು. ಕೊಟ್ಟಿಗೆ ಗೊಬ್ಬರವೂ ಬೇಕು. ನೀರು ನಿಲ್ಲಬಾರದು. ನೀರು ನಿಂತರೆ ಜಂತು ಇಲ್ಲದಿದ್ದರೂ ಬೇರು ಕೊಳೆಯುತ್ತದೆ.

ಕನಕಾಂಬರ ನಮ್ಮ ದಕ್ಷಿಣ ಭಾರತದ್ದೇ ಗಿಡ. ಶ್ರೀಲಂಕಾದಲ್ಲೂ ಇದೆ. ಕೆಲವು ಕಡೆ ಅಬ್ಬಲಿಗೆ ಅನ್ನುತ್ತಾರೆ. ಎಲೆ ಸದಾ ಹಸಿರು. ಹೂವಿಗೆ ವಾಸನೆ ಇಲ್ಲ. ಆದರೆ ಬೇಗ ಬಾಡುವುದಿಲ್ಲ. ಅದಕ್ಕೇ ಮಲ್ಲಿಗೆ ಜೊತೆ ಸೇರಿಸಿ ಕಟ್ಟುತ್ತಾರೆ.

ನಾಟಿ ಕನಕಾಂಬರವನ್ನು ಬೀಜದಿಂದ ಬೆಳೆಸಬಹುದು. ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಪಟ್ ಅಂತ ಸಿಡಿಯುತ್ತದೆ. ಮಕ್ಕಳಿಗೆ ಇದೇ ಆಟ. ನಮಗೆ ಬೀಜ ಬೇಕಾದರೆ ಅದಕ್ಕೂ ಮುಂಚೆ ತೆನೆ ಕೊಯ್ದಿಡಬೇಕು. ಡೆಲ್ಲಿ ಕನಕಾಂಬರದಲ್ಲಿ ಬೀಜ ಕಟ್ಟುವುದಿಲ್ಲ. ಅದರ ಎಳೆ ತುದಿಯನ್ನು ನಾಲ್ಕೈದು ಅಂಗುಲ ಕತ್ತರಿಸಿ, ನೆರಳಲ್ಲಿ, ಒದ್ದೆ ಮರಳಲ್ಲಿ ಊರಬೇಕು. ಬೇರು ಬಂದ ಮೇಲೆ ನೆಡಬೇಕು.

ಸಾಲಿಂದ ಸಾಲಿಗೆ 2 ಅಡಿ. ಗಿಡದಿಂದ ಗಿಡಕ್ಕೆ 1 ಅಡಿ. ಡೆಲ್ಲಿ ಗಿಡಕ್ಕೆ ಇನ್ನೂ ನಾಲ್ಕು ಬೆರಳು ಜಾಸ್ತಿ ಬಿಡಿ. 10 ಅಡಿ ಉದ್ದ, 6 ಅಡಿ ಅಗಲದ ಹಿತ್ತಲಲ್ಲಿ 3 ಸಾಲು ಬರುತ್ತದೆ. ಸಾಲಿಗೆ 10 ಗಿಡ. ಒಟ್ಟು 30 ನಾಟಿ ಗಿಡ. ನೆಟ್ಟ ಎರಡು ಮೂರು ತಿಂಗಳಿಗೆ ಹೂ ಶುರು. ಜೋರು ಮಳೆಯಲ್ಲಿ ಹೂ ಕಮ್ಮಿ. ಹೂ ಮುಗಿದ ತೆನೆಯನ್ನು ಚಿವುಟಿ ತೆಗೆಯುತ್ತಾ ಇರಬೇಕು.

ದಿನ ಬಿಟ್ಟು ದಿನ ಹೂ ಬಿಡಿಸಿ. ಬಿಸಿಲೇರುವ ಮೊದಲೇ ಬಿಡಿಸಿ. ಕನಕಾಂಬರ ಬಲು ಹಗುರ. ಬಿಡಿ ಹೂ ತೂಕಕ್ಕೆ ಕೊಟ್ಟರೆ ತಕ್ಕಡಿ ಬೇಗ ಬಾಗುವುದಿಲ್ಲ. ಕೈ ಬಿಡುವಿದ್ದರೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವುದೇ ಲೇಸು. ಮೊಳದಲ್ಲೂ ಒಂದು ತಕರಾರು ಇದೆ. ಕೊಳ್ಳುವವರ ಮೊಳ ಉದ್ದ, ಮಾರುವವರ ಮೊಳ ಗಿಡ್ಡ! ಅತ್ತಿಗೆ ಒಂದು ಕೋಲಿಗೆ ಒಂದೂವರೆ ಅಡಿಗೆ ಗುರುತು ಹಾಕಿದ್ದಾಳೆ. ಅದೇ ಅವಳ ಮೊಳ. ಈಗ ಜಗಳ ಇಲ್ಲ.

ಅತ್ತಿಗೆ ಒಂದು ಪುಸ್ತಕವನ್ನೂ ಇಟ್ಟಿದ್ದಾಳೆ. ವಾರ, ಎಷ್ಟು ಮೊಳ, ಎಷ್ಟು ರೂಪಾಯಿ, ಯಾರ ಬಾಕಿ ಎಷ್ಟು, ಎಲ್ಲ ಅವಳ ಕೈಬರಹ.

“ಸಾಲ ಇನ್ನೂ ತೀರಿಲ್ಲ ಅತ್ತಿಗೆ. ಮತ್ತೆ ಹಾಕಲಾ?” ಅಂದಳು ನಾದಿನಿ.

“ಹಾಕು. ಆದ್ರೆ ಆ ಜಾಗದಲ್ಲಿ ಬೇಡ. ಬಾವಿ ಹತ್ತಿರ, ನೀರು ನಿಲ್ಲದ ಕಡೆ ಹಾಕು. ಮೊದಲು ಹತ್ತೇ ಗಿಡ ನೋಡು. ಹೊಸ ಸಾಲ ಮಾಡಬೇಡ. ಕಡ್ಡಿ ನಾನು ಕೊಡ್ತೀನಿ.”

ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಓದಿ, ಬರೆಯಿರಿ:
ನಿಮ್ಮ ಹಿತ್ತಲಿನ ಉದ್ದ, ಅಗಲ ಎಷ್ಟು? ಎಷ್ಟು ಗಿಡ ಹಿಡಿಸುತ್ತದೆ?
ನಿಮ್ಮೂರಲ್ಲಿ ಇವತ್ತು ಒಂದು ಮೊಳ ಕನಕಾಂಬರಕ್ಕೆ ಎಷ್ಟು ರೂಪಾಯಿ?