ದವಡೆಯ ಸಿಸ್ಟ್‌ನಲ್ಲಿ ಕಪ್ಪು ಬಣ್ಣ: ಹೆದರಬೇಕೇ?

ಕಲ್ಯಾಣಪುರದ ನನ್ನ ಕ್ಲಿನಿಕ್‌ಗೆ ಒಬ್ಬ ತಾಯಿ ಮಗನ ರಿಪೋರ್ಟ್ ಹಿಡಿದುಕೊಂಡು ಬಂದರು. ಹುಡುಗನ ಕೆಳದವಡೆಯಿಂದ ಸಿಸ್ಟ್ ತೆಗೆಸಿದ್ದರು. ರಿಪೋರ್ಟ್‌ನಲ್ಲಿ ‘ಮೆಲನಿನ್’ ಎಂಬ ಪದವಿತ್ತು. ಮನೆಯವರು ಮೊಬೈಲ್‌ನಲ್ಲಿ ಹುಡುಕಿ ‘ಮೆಲನೋಮ’ ಎಂಬ ಕ್ಯಾನ್ಸರಿನ ಬಗ್ಗೆ ಓದಿದ್ದರು. “ಡಾಕ್ಟ್ರೇ, ಇದು ಅದೇನಾ?” ಎಂದು ಕೇಳುವಾಗ ಅವರ ಕೈ ನಡುಗುತ್ತಿತ್ತು.

ಅದು ಅದಲ್ಲ. ಈ ಭಯ ಬೇರೆ ಮನೆಗಳಲ್ಲೂ ಬರಬಹುದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಸಿಸ್ಟ್ ಎಂದರೇನು?

ದ್ರವ ತುಂಬಿದ ಚೀಲ. ಹುಳುಕಾಗಿ ಸತ್ತ ಹಲ್ಲಿನ ಬೇರಿನ ತುದಿಯಲ್ಲಿ, ಅಥವಾ ಹೊರಬರದೆ ಮೂಳೆಯೊಳಗೆ ಉಳಿದ ಬುದ್ಧಿಹಲ್ಲಿನ ಸುತ್ತ ಇದು ಬೆಳೆಯುತ್ತದೆ. ಕೀವಾಗುವವರೆಗೆ ನೋವಿರುವುದಿಲ್ಲ. ಆದ್ದರಿಂದಲೇ ಎಷ್ಟೋ ಜನರಿಗೆ ತಡವಾಗಿ ತಿಳಿಯುತ್ತದೆ.

ಕಪ್ಪು ಎಲ್ಲಿಂದ ಬಂತು?

ಮೆಲನಿನ್ ನಮ್ಮ ಚರ್ಮ, ಕೂದಲು ಮತ್ತು ವಸಡಿಗೆ ಬಣ್ಣ ಕೊಡುವ ವಸ್ತು. ಹಲ್ಲು ರೂಪುಗೊಳ್ಳುವುದು ಬಾಯಿಯ ಒಳಪದರದಿಂದ. ಬಣ್ಣ ತಯಾರಿಸುವ ಕೆಲವು ಕೋಶಗಳು ಆ ಪದರದ ಜೊತೆ ದವಡೆಯೊಳಗೆ ಉಳಿದು, ಮುಂದೆ ಸಿಸ್ಟ್‌ನ ಗೋಡೆಯಲ್ಲಿ ಕಾಣಿಸಬಹುದು. ಇದು ಅಪರೂಪ. ವರದಿಯಾದವರಲ್ಲಿ ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾ ಮೂಲದವರು. ಹಳೆಯ ರಕ್ತಸ್ರಾವದಿಂದ ಉಳಿದ ಕಬ್ಬಿಣದ ಅಂಶವೂ ಕಂದಾಗಿ ಕಾಣುವುದರಿಂದ, ಅನುಮಾನವಿದ್ದಾಗ ಲ್ಯಾಬ್‌ನಲ್ಲಿ ವಿಶೇಷ ಬಣ್ಣ ಹಾಕಿ ಎರಡನ್ನೂ ಬೇರ್ಪಡಿಸಿ ನೋಡುತ್ತಾರೆ.

ಬಣ್ಣ ಇದೆ ಎಂಬ ಮಾತ್ರಕ್ಕೆ ಸಿಸ್ಟ್ ಕ್ಯಾನ್ಸರ್ ಆಗುವುದಿಲ್ಲ. ಮುಖ್ಯವಾದುದು ಸಿಸ್ಟ್‌ನ ಹೆಸರು. ‘ಕೆರಟೋಸಿಸ್ಟ್’ ಎಂದಿದ್ದರೆ ಅದು ಮತ್ತೆ ಬರಬಹುದು; ವರ್ಷಗಟ್ಟಲೆ ತಪಾಸಣೆ ಬೇಕು.

ಯೂನಾನಿ ಔಷಧ ಸಾಕೇ?

ಸಾಲದು. ಯೂನಾನಿಯಲ್ಲಿ ‘ಸೌದಾ’ ಎಂಬ ಕಪ್ಪು ದೋಷದ ಮಾತಿದೆ. ಆದರೆ ಮೆಲನಿನ್ ಸೌದಾ ಅಲ್ಲ. ಯಾವ ಮಾಜೂನ್, ಯಾವ ಲೇಪವೂ ಮೂಳೆಯೊಳಗಿನ ಸಿಸ್ಟನ್ನು ಕರಗಿಸುವುದಿಲ್ಲ. ಯೂನಾನಿ ಓದಿದ ನಾನೇ ಇದನ್ನು ಹೇಳಬೇಕು. ಮದ್ದು ಹಚ್ಚುತ್ತಾ ಕುಳಿತರೆ ಸಿಸ್ಟ್ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಮಣಿಪಾಲದ ದಂತವೈದ್ಯ ಕಾಲೇಜು 1965ರಿಂದ ನಮ್ಮ ಪಕ್ಕದಲ್ಲೇ ಇದೆ. ಎಕ್ಸ್‌ರೇ ತೆಗೆಸಲು ದೂರ ಹೋಗಬೇಕಾಗಿಲ್ಲ.

ನೆನಪಿಡಿ

• ದವಡೆ ಊದಿದರೆ, ಹಲ್ಲು ಜರುಗಿದರೆ, ಹಲ್ಲು ಬರಬೇಕಾದ ವಯಸ್ಸಿಗೆ ಬಾರದಿದ್ದರೆ ದಂತವೈದ್ಯರಿಗೆ ತೋರಿಸಿ.

• ತೆಗೆದ ಭಾಗವನ್ನು ಲ್ಯಾಬ್ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ಕೇಳಿ, ರಿಪೋರ್ಟ್ ಜೋಪಾನವಾಗಿಡಿ.

• ಹುಟ್ಟಿನಿಂದ ಬಂದ ಕಪ್ಪು ವಸಡು ರೋಗವಲ್ಲ. ಮಿಸ್ವಾಕ್‌ನಿಂದ ಉಜ್ಜಿ ಬಿಳಿ ಮಾಡಲು ಹೋಗಬೇಡಿ. ಬೀಡಿ, ಸಿಗರೇಟಿನಿಂದಲೂ ವಸಡು ಕಪ್ಪಾಗುತ್ತದೆ.

• ಆದರೆ ಅಂಗುಳ ಅಥವಾ ವಸಡಿನಲ್ಲಿ ಹೊಸದಾಗಿ ಕಪ್ಪು ಮಚ್ಚೆ ಕಂಡು ಹರಡುತ್ತಿದ್ದರೆ, ರಕ್ತ ಬಂದರೆ ತಡಮಾಡಬೇಡಿ. ಮೆಲನೋಮದ ಭಯಕ್ಕೆ ಕಾರಣವಿರುವುದು ಅಲ್ಲಿ.

ಆ ತಾಯಿಗೂ ಇದನ್ನೇ ಹೇಳಿದೆ. ಹೆದರಬೇಡಿ, ಆದರೆ ಮುಂದಿನ ತಪಾಸಣೆಯ ದಿನವನ್ನು ಮರೆಯಬೇಡಿ.